ಅಟ್ಟದಲ್ಲಿ ಸಿಕ್ಕ ತಾಮ್ರದ ಹಂಡೆ, ತೋಟದಲ್ಲಿ ಕೊಳೆಯುವ ಗೇರುಹಣ್ಣು: ಮನೆಬಳಕೆಗೆ ಭಟ್ಟಿ ಇಳಿಸಿದರೂ ಅಪರಾಧವೇ?

ಗೇರುಗುಡ್ಡೆಯವ:

ಮಾನ್ಯರೇ, ಪುತ್ತೂರು ತಾಲೂಕಿನಲ್ಲಿರುವ ನಮ್ಮ ಹಳೆಯ ಮನೆಯ ಮಾಡು ಬಿಚ್ಚಿ ಹೊಸದಾಗಿ ಹೊದೆಸುವ ಕೆಲಸ ಹಿಡಿದಿದ್ದೇವೆ. ಅಟ್ಟ ಖಾಲಿ ಮಾಡುವಾಗ ಅಜ್ಜನ ಕಾಲದ ದೊಡ್ಡ ತಾಮ್ರದ ಹಂಡೆಯೊಂದು ಸಿಕ್ಕಿತು. ಬಚ್ಚಲಿನ ಹಂಡೆ ಇರಬೇಕೆಂದು ಮೊದಲು ತಿಳಿದಿದ್ದೆವು. ಕೆಳಗಿಳಿಸಿ ಹುಣಸೆಹುಳಿ ಹಾಕಿ ತಿಕ್ಕಿದ ಮೇಲೆ ನೋಡಿದರೆ ಅದರ ಕುತ್ತಿಗೆಯ ಬಳಿ ಒಂದು ತೂತು, ಆ ತೂತಿಗೆ ಸರಿಯಾಗಿ ಕೂರುವ ಬಾಗಿದ ಕೊಳವೆ. ಊರಿನ ಹಿರಿಯರೊಬ್ಬರು ನೋಡಿದ ಕೂಡಲೇ ನಕ್ಕು, ಇದು ಗಂಗಸರದ, ಎಂದರೆ ಮನೆಯಲ್ಲಿ ಭಟ್ಟಿ ಇಳಿಸುವ ಮದ್ಯದ, ಹಂಡೆ ಎಂದರು. ಅಜ್ಜ ಹೀಗೆ ಮಾಡುತ್ತಿದ್ದರೆಂದು ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ನಮಗೆ ಎರಡೂವರೆ ಎಕರೆ ಗೇರುಗುಡ್ಡೆ ಇದೆ. ಮಾರ್ಚ್‌ನಿಂದ ಮೇ ತನಕ ಬೀಜ ಕಿತ್ತುಕೊಂಡು ಹಣ್ಣನ್ನು ಮರದ ಬುಡದಲ್ಲೇ ಬಿಡುತ್ತೇವೆ. ಬೀಜದ ತೂಕದ ಹಲವು ಪಟ್ಟು ಹಣ್ಣು ಹೀಗೆ ಕೊಳೆತು ಹೋಗುತ್ತದೆ. ಗೋವಾದಲ್ಲಿ ಇದೇ ಹಣ್ಣಿನಿಂದ ಫೆನಿ ಮಾಡಿ ಬದುಕುವ ಕುಟುಂಬಗಳಿರುವಾಗ ನಾವೇಕೆ ಮಾಡಬಾರದೆಂದು ನನ್ನ ಭಾವ ಕೇಳುತ್ತಿದ್ದಾರೆ. ಮಾರಾಟದ ಯೋಚನೆ ಖಂಡಿತ ಇಲ್ಲ. ಸ್ವಂತ ಹಣ್ಣು, ಸ್ವಂತ ಹಂಡೆ, ವರ್ಷಕ್ಕೆ ನಾಲ್ಕಾರು ಬಾಟಲಿ, ಅದೂ ಮನೆಯವರಿಗೆ ಮಾತ್ರ ಎಂದಾದರೆ ಕಾನೂನು ಏನು ಹೇಳುತ್ತದೆ? ಏನನ್ನೂ ಮಾಡದೆ ಈ ಹಂಡೆಯನ್ನು ಸುಮ್ಮನೆ ಮನೆಯಲ್ಲಿ ಇಟ್ಟುಕೊಂಡರೂ ತೊಂದರೆಯುಂಟೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಹಳೆಯ ಕೋಟು:

ಮಂಗಳೂರಿನ ನ್ಯಾಯಾಲಯಗಳಲ್ಲಿ ಮೂವತ್ತು ವರ್ಷ ವಕೀಲಿಕೆ ಮಾಡಿ ಈಗ ವಿಶ್ರಾಂತಿಯಲ್ಲಿರುವವನು ನಾನು. ಅಬಕಾರಿ ಪ್ರಕರಣಗಳನ್ನು ಸಾಕಷ್ಟು ನೋಡಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಹೌದು, ಅಪರಾಧ. ಯಾಕೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ನಮ್ಮಲ್ಲಿ ಜಾರಿಯಲ್ಲಿರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಹುಟ್ಟಿದಾಗ ಅದರ ಹೆಸರು ಮೈಸೂರು ಅಬಕಾರಿ ಕಾಯ್ದೆ ಎಂದಿತ್ತು. ಅದರ 13ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಅಬಕಾರಿ ಪದಾರ್ಥ ಯಾವುದನ್ನೂ ತಯಾರಿಸುವಂತಿಲ್ಲ. ‘ತಯಾರಿಕೆ’ ಎಂಬ ಪದದ ವ್ಯಾಖ್ಯೆಯೂ ಅಷ್ಟೇ ಅಗಲವಾಗಿದ್ದು, ಸಹಜವಾಗಿ ನಡೆಯಲಿ, ಕೃತಕವಾಗಿ ನಡೆಯಲಿ, ಮದ್ಯ ಉಂಟಾಗುವ ಪ್ರತಿಯೊಂದು ಕ್ರಿಯೆಯೂ ಅದರೊಳಗೆ ಬರುತ್ತದೆ. ಒಮ್ಮೆ ಇಳಿಸಿದ್ದನ್ನು ಮತ್ತೊಮ್ಮೆ ಇಳಿಸುವುದು, ಬಣ್ಣ ಕಟ್ಟುವುದು, ರುಚಿ ಬೆರೆಸುವುದು ಕೂಡ ತಯಾರಿಕೆಯೇ. ಎಷ್ಟು ಮಾಡಿದಿರಿ, ಯಾರಿಗಾಗಿ ಮಾಡಿದಿರಿ, ಮಾರಿದಿರೋ ಕುಡಿದಿರೋ ಎಂಬ ಪ್ರಶ್ನೆಗಳನ್ನು ಈ ಕಲಮು ಕೇಳುವುದೇ ಇಲ್ಲ. ಒಂದು ಬಾಟಲಿಗೂ ಅದೇ ಕಲಮು, ಒಂದು ಪೀಪಾಯಿಗೂ ಅದೇ ಕಲಮು. ಉಲ್ಲಂಘನೆಗೆ 32ನೇ ಕಲಮಿನಡಿ ಶಿಕ್ಷೆಯಾಗುತ್ತದೆ. ಸಜೆ ಐದು ವರ್ಷದವರೆಗೆ ಹೋಗಬಹುದು, ದಂಡ ಬೇರೆ. ಇಳಿಸಿದ್ದನ್ನು ಕಾರಿನಲ್ಲಿಟ್ಟು ಭಾವನ ಮನೆಗೆ ಒಯ್ದರೆ ಕಾರೂ ಮುಟ್ಟುಗೋಲಿಗೆ ಗುರಿಯಾಗಬಹುದು.

ಮನೆಬಳಕೆಗೆ ವಿನಾಯಿತಿ ಇದೆ ಎಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಬಹಳ ಹಳೆಯದು. ಶೇಂದಿಯ ವ್ಯವಹಾರ ಇಲ್ಲಿ ಇಂದಿಗೂ ಪರವಾನಗಿಯ ಮೇಲೆ ನಡೆಯುವುದರಿಂದ, ಶೇಂದಿ ಇಳಿಸುವ ಮೂರ್ತೆದಾರರ ಸಹಕಾರಿ ಸಂಘಗಳು ಕಣ್ಣಮುಂದೆಯೇ ಇರುವುದರಿಂದ, ಜನ ಎರಡನ್ನೂ ಒಂದೇ ಎಂದು ಭಾವಿಸುತ್ತಾರೆ. ಶೇಂದಿ ಮರದಿಂದ ಇಳಿಯುವಂಥದು, ಗಂಗಸರ ಒಲೆಯ ಮೇಲೆ ಇಳಿಯುವಂಥದು. ಎರಡಕ್ಕೂ ಪರವಾನಗಿ ಬೇಕು, ಮೊದಲನೆಯದಕ್ಕೆ ಸಿಗುವ ದಾರಿಯಾದರೂ ಇದೆ.

ಕಾಳಿ ದಡ:

ವಕೀಲರ ಮಾತಿಗೆ ಗೋವಾದ ಸಂಗತಿಯನ್ನು ಸೇರಿಸುತ್ತೇನೆ. ಕಾರವಾರದವನಾದ ನನಗೆ ಗಡಿಯಾಚೆ ನೆಂಟರಿದ್ದಾರೆ. ಅಲ್ಲಿ ಯಾರು ಬೇಕಾದರೂ ಹಂಡೆ ಹೂಡಬಹುದೆಂಬ ಕಲ್ಪನೆ ತಪ್ಪು. ಗೋವಾಕ್ಕೆ ತನ್ನದೇ ಆದ 1964ರ ಅಬಕಾರಿ ಸುಂಕ ಕಾಯ್ದೆ ಇದೆ. ಗೇರು ಬೆಳೆಯುವ ಪ್ರದೇಶಗಳನ್ನು ವಲಯಗಳಾಗಿ ವಿಂಗಡಿಸಿ ಹಂಗಾಮಿಗೆ ಮೊದಲು ಅಬಕಾರಿ ಇಲಾಖೆ ಹರಾಜು ಹಾಕುತ್ತದೆ, ಭಟ್ಟಿಗೆ ಪರವಾನಗಿ ಕೊಡುತ್ತದೆ. ಹಣ್ಣು ತುಳಿದು ಹಿಂಡಿದ ರಸ ಹುಳಿ ಬಂದ ಮೇಲೆ ಮೊದಲ ಸಲ ಇಳಿಸಿದ್ದು ಉರಾಕ್. ಅದನ್ನು ಮತ್ತೆ ಇಳಿಸಿದರೆ ಫೆನಿ. ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಆ ಹೆಸರು ಆ ಪ್ರದೇಶದ ಉತ್ಪನ್ನಕ್ಕಷ್ಟೇ ಎಂಬ ಮಾನ್ಯತೆ, ದೊರೆಯಿತು, 2016ರಲ್ಲಿ ಗೋವಾ ಸರ್ಕಾರ ಅದನ್ನು ಪಾರಂಪರಿಕ ಪಾನೀಯವೆಂದು ಘೋಷಿಸಿತು. ಎಂದರೆ ನಿಮ್ಮ ತೋಟದ ಹಣ್ಣಿನಿಂದ ನೀವು ಪರವಾನಗಿ ಪಡೆದೇ ಮಾಡಿದರೂ ಅದನ್ನು ಫೆನಿ ಎಂದು ಕರೆದು ಮಾರುವಂತಿಲ್ಲ. ಮರ ಒಂದೇ, ಅದನ್ನು ಬ್ರೆಜಿಲ್‌ನಿಂದ ತಂದ ಪೋರ್ಚುಗೀಸರೂ ಒಬ್ಬರೇ. ಕಾಳಿ ನದಿಯ ಮೇಲಿಂದ ಒಂದು ಗಂಟೆ ಉತ್ತರಕ್ಕೆ ಹೋದರೆ ಪಾರಂಪರಿಕ ಪಾನೀಯವಾದದ್ದು ದಕ್ಷಿಣಕ್ಕೆ ಬಂದರೆ ಕಳ್ಳಭಟ್ಟಿಯಾಗುತ್ತದೆ.

ಮಲೆನಾಡಿಗ:

ಕಾಯ್ದೆಯಲ್ಲಿ ಹೀಗಿದೆ ಎಂಬುದನ್ನು ಒಪ್ಪುತ್ತೇನೆ. ಹೀಗಿರುವುದು ಸರಿಯೇ ಎಂಬುದು ನನ್ನ ಪ್ರಶ್ನೆ. ಸಂವಿಧಾನದ 47ನೇ ವಿಧಿ ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ರಾಜ್ಯ ಯತ್ನಿಸಬೇಕೆನ್ನುತ್ತದೆ. ಅದೇ ರಾಜ್ಯ 2003ರಲ್ಲಿ ಪಾನೀಯ ನಿಗಮವೊಂದನ್ನು ಕಟ್ಟಿ ಸಗಟು ಮದ್ಯ ವ್ಯಾಪಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಿತು. ಪ್ರತಿ ವರ್ಷದ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ವಸೂಲಿಯ ಗುರಿ ಕೊಡುವುದೂ ಅದೇ ಸರ್ಕಾರ. ಹಾಗಿರುವಾಗ ನನ್ನ ಗುಡ್ಡದ ಹಣ್ಣನ್ನು ನಾನು ಇಳಿಸಿ ಕುಡಿದರೆ ಆಗುವ ಅಪರಾಧ ನಿಜವಾಗಿ ಯಾವುದು? ಕುಡಿದದ್ದೋ, ಸುಂಕ ಕೊಡದೆ ಕುಡಿದದ್ದೋ? ನನ್ನ ಆರೋಗ್ಯದ ಕಾಳಜಿಯಿಂದ ಈ ಕಾಯ್ದೆ ಬಂದಿದೆ ಎಂದರೆ ಊರಿನ ಬಾರಿನ ಮುಂದೆ ಸಂಜೆ ನಿಂತು ನೋಡಿದವರು ನಗುತ್ತಾರೆ.

ಹಳೆಯ ಕೋಟು:

ನಿಮ್ಮ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ, ಅದರಲ್ಲಿ ಹುರುಳಿದೆ. ಅಬಕಾರಿ ಎಂಬ ಪದವೇ ಕಂದಾಯದ ಪದ. ದಕ್ಷಿಣ ಕನ್ನಡಕ್ಕೆ 1886ರ ಮದ್ರಾಸ್ ಅಬಕಾರಿ ಕಾಯ್ದೆ, ಉತ್ತರ ಕನ್ನಡಕ್ಕೆ 1878ರ ಮುಂಬಯಿ ಅಬಕಾರಿ ಕಾಯ್ದೆ ಅನ್ವಯಿಸುತ್ತಿದ್ದ ಕಾಲದಲ್ಲಿ ಕಂಪನಿಯ ವಾರಸುದಾರರಿಗೆ ಪ್ರಜೆಗಳ ಯಕೃತ್ತಿನ ಚಿಂತೆ ಇರಲಿಲ್ಲ. ಮನೆಮನೆಯ ಹಂಡೆಯಿಂದ ಸುಂಕ ಎತ್ತುವುದು ಸಾಧ್ಯವಿಲ್ಲವಾದ್ದರಿಂದ ಹಂಡೆಗಳನ್ನೆಲ್ಲ ಮುಚ್ಚಿಸಿ ಗುತ್ತಿಗೆದಾರನ ಒಂದೇ ಭಟ್ಟಿಯಿಂದ ಎತ್ತಿದರು. ಆ ಚೌಕಟ್ಟು ಇಂದಿಗೂ ಅಳಿದಿಲ್ಲ.

ನಡುವೆ ಪಾನನಿಷೇಧದ ಕಾಲವೂ ಬಂದು ಹೋಯಿತು. ಮದ್ರಾಸ್ ಪ್ರಾಂತದಲ್ಲಿ 1937ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭವಾದ ನಿಷೇಧ 1948ರ ಹೊತ್ತಿಗೆ ಇಡೀ ಪ್ರಾಂತಕ್ಕೆ, ನಮ್ಮ ಜಿಲ್ಲೆಗೂ ಹಬ್ಬಿತು. ಮುಂಬಯಿ ಪ್ರಾಂತದ ಜಿಲ್ಲೆಗಳಿಗೆ 1949ರ ನಿಷೇಧ ಕಾಯ್ದೆ ಬಂತು. ಏಕೀಕರಣವಾದಾಗ ಒಂದೇ ರಾಜ್ಯದೊಳಗೆ ಒಂದು ಜಿಲ್ಲೆಯಲ್ಲಿ ನಿಷೇಧ, ಪಕ್ಕದಲ್ಲಿ ಸಾರಾಯಿ ಅಂಗಡಿ ಎಂಬ ಸ್ಥಿತಿ ಇತ್ತು. 1965ರ ಕಾಯ್ದೆ ಆ ಗೋಜಲನ್ನು ಬಿಡಿಸಿ ಎಲ್ಲವನ್ನೂ ಪರವಾನಗಿಯ ಒಂದೇ ಹಗ್ಗಕ್ಕೆ ಕಟ್ಟಿತು. ಗೇರುಗುಡ್ಡೆಯವರ ಅಜ್ಜ ಆ ನಿಷೇಧದ ವರ್ಷಗಳಲ್ಲಿ ಹಂಡೆ ಹೂಡಿದ್ದರೆ ಅದು ಆಗಲೂ ಅಪರಾಧವೇ ಆಗಿತ್ತು. ಮನೆಯವರು ನಿಮಗೆ ಹೇಳದಿದ್ದುದಕ್ಕೆ ಅದೂ ಒಂದು ಕಾರಣವಿರಬಹುದು.

ಹಕ್ಕಿನ ವಿಚಾರಕ್ಕೆ ಬಂದರೆ, ಮಾದಕ ಪಾನೀಯದ ಉತ್ಪಾದನೆ, ತಯಾರಿಕೆ, ಸ್ವಾಧೀನ, ಸಾಗಣೆ, ಖರೀದಿ, ಮಾರಾಟ ಇವೆಲ್ಲ ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಪಟ್ಟಿಯ, ಅಂದರೆ ರಾಜ್ಯಗಳೇ ಕಾನೂನು ಮಾಡುವ ವಿಷಯಗಳ ಪಟ್ಟಿಯ, 8ನೇ ನಮೂದು. ಸುಂಕ ಹಾಕುವ ಅಧಿಕಾರ 51ನೆಯದು. ಬೆಂಗಳೂರಿನದೇ ಆದ ಖೋಡೇಸ್ ಕಂಪನಿ ನಮ್ಮ ರಾಜ್ಯ ಸರ್ಕಾರದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಹೇಳಿತು. ರಾಜ್ಯ ಬೇಕಾದರೆ ಪೂರ್ತಿ ನಿಷೇಧಿಸಬಹುದು, ಬೇಕಾದರೆ ತಾನೊಬ್ಬನೇ ಮಾರಬಹುದು, ಬೇಕಾದರೆ ಪರವಾನಗಿ ಕೊಟ್ಟು ಬೇರೆಯವರಿಂದ ಮಾಡಿಸಬಹುದು ಎಂದಿತು. 2024ರ ಅಕ್ಟೋಬರ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಎಂಟು–ಒಂದರ ಬಹುಮತದಿಂದ ಕೈಗಾರಿಕಾ ಮದ್ಯಸಾರವನ್ನೂ ‘ಮಾದಕ ಪಾನೀಯ’ದ ವ್ಯಾಪ್ತಿಗೆ ಸೇರಿಸಿದ ಮೇಲೆ ರಾಜ್ಯದ ಕೈ ಇನ್ನೂ ಉದ್ದವಾಗಿದೆ. ಅಂದು ಭಿನ್ನ ತೀರ್ಪು ಬರೆದ ಒಬ್ಬರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ.

ಆದ್ದರಿಂದ ಮಲೆನಾಡಿಗರೇ, ಅಪರಾಧವಾಗುವುದು ಕುಡಿದದ್ದರಿಂದ ಅಲ್ಲ, ಅಪ್ಪಣೆ ಇಲ್ಲದೆ ಮಾಡಿದ್ದರಿಂದ. ಇದು ಸರಿಯೇ ಎಂದು ಕೇಳಬೇಕಾದದ್ದು ವಿಧಾನಸಭೆಯನ್ನು. ನ್ಯಾಯಾಲಯದ ಬಾಗಿಲಲ್ಲಿ ಈ ವಾದ ಹೆಚ್ಚು ದೂರ ಸಾಗುವುದಿಲ್ಲ.

ರಾತ್ರಿಪಾಳಿ:

ನಾನು ಬೆಂಗಳೂರಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯೆ. ಸುಂಕದ ವಾದವನ್ನು ಒಪ್ಪಿಕೊಂಡ ಮೇಲೂ ಉಳಿಯುವ ಸಂಗತಿಯೊಂದನ್ನು ಹೇಳಲೇಬೇಕು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತ, ಕೋಲಾರದ ಕಡೆ, ಗಡಿಯಾಚೆಯ ಹೊಸೂರು–ಕೃಷ್ಣಗಿರಿ ಭಾಗದಲ್ಲಿ ಸೇರಿ ನೂರೈವತ್ತಕ್ಕೂ ಹೆಚ್ಚು ಮಂದಿ ಹೋದರು. ಸಾರಾಯಿ ನಿಷೇಧ ಜಾರಿಗೆ ಬಂದದ್ದು 2007ರ ಜುಲೈ 1ರಂದು. ಅದಾಗಿ ವರ್ಷವೂ ತುಂಬಿರಲಿಲ್ಲ. ತಮಿಳುನಾಡಿನ ಕಲ್ಲಕುರಿಚಿಯಲ್ಲಿ 2024ರ ಜೂನ್‌ನಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತದ್ದು ಎಲ್ಲರಿಗೂ ನೆನಪಿರುತ್ತದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಬೇರೆಬೇರೆಯಾಗಿ ಬಿಡಿಸಬೇಕಾಗಿದೆ. ಮನೆಯ ಹಂಡೆಯಲ್ಲಿ ಇಳಿಸಿದ್ದೆಲ್ಲ ಮೆಥನಾಲ್ ವಿಷ ಎನ್ನುವುದು ಒಂದು. ಅದು ನಿಜವಲ್ಲ. ಬೆಲ್ಲದ ಕೊಳೆಯಿಂದ, ಎಂದರೆ ಹುಳಿ ಬರಿಸಿದ ಬೆಲ್ಲದ ನೀರಿನಿಂದ, ಹುಟ್ಟುವ ಮೆಥನಾಲ್ ನಗಣ್ಯ. ಪೆಕ್ಟಿನ್ ಎಂಬ ಅಂಟು ಪದಾರ್ಥ ಹೆಚ್ಚಿರುವ ಹಣ್ಣುಗಳಿಂದ ಸ್ವಲ್ಪ ಹೆಚ್ಚು ಬರಬಹುದು. ಈ ದೊಡ್ಡ ದುರಂತಗಳಿಗೆ ಕಾರಣ ಹಣ್ಣೂ ಅಲ್ಲ, ಬೆಲ್ಲವೂ ಅಲ್ಲ. ಕಾರ್ಖಾನೆಗಳಿಗೆಂದು ತಯಾರಾದ ಮೆಥನಾಲನ್ನು ಅಗ್ಗಕ್ಕೆ ತಂದು ಮದ್ಯಕ್ಕೆ ಬೆರೆಸಿದವರು. ಎರಡನೆಯದು ಇನ್ನೂ ಅಪಾಯಕಾರಿ: ಮೊದಲು ಇಳಿದದ್ದನ್ನು ಚೆಲ್ಲಿದರೆ ಉಳಿದದ್ದು ಶುದ್ಧ ಎಂಬ ಮಾತು. ಮೆಥನಾಲ್ ಸುಮಾರು 65 ಡಿಗ್ರಿಗೆ, ಕುಡಿಯುವ ಮದ್ಯದಲ್ಲಿರುವ ಎಥನಾಲ್ 78 ಡಿಗ್ರಿಗೆ ಕುದಿಯುವುದು ನಿಜವಾದರೂ ಇವೆರಡೂ ನೀರಿನೊಡನೆ ಬೆರೆತಿರುವಾಗ ಸರತಿ ಸಾಲಿನಲ್ಲಿ ನಿಂತವರಂತೆ ಒಬ್ಬರಾದ ಮೇಲೆ ಒಬ್ಬರು ಹೊರಬರುವುದಿಲ್ಲ. ಮೊದಲಿನಿಂದ ಕೊನೆಯ ತನಕ ಹಂಚಿಕೊಂಡೇ ಬರುತ್ತವೆ. ಬಣ್ಣ, ವಾಸನೆ, ರುಚಿಯಿಂದ ಮೆಥನಾಲನ್ನು ಗುರುತಿಸಲು ಯಾರಿಗೂ ಆಗುವುದಿಲ್ಲ. ಬೆಂಕಿ ಹಚ್ಚಿ ಜ್ವಾಲೆಯ ಬಣ್ಣ ನೋಡುವ ಪರೀಕ್ಷೆಯನ್ನು ನಂಬಬೇಡಿ.

ದೇಹದೊಳಗೆ ಮೆಥನಾಲ್ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಕುಡಿದು ಅರ್ಧ ದಿನದಿಂದ ಒಂದು ದಿನದವರೆಗೆ ಏನೂ ಆಗಿಲ್ಲವೆಂದೇ ಅನ್ನಿಸಬಹುದು. ಆಮೇಲೆ ವಾಂತಿ, ಹೊಟ್ಟೆನೋವು, ಮಂಜು ಕವಿದ ದೃಷ್ಟಿ. ಆ ಹೊತ್ತಿನಲ್ಲಿ ಪೊಲೀಸರ ಹೆದರಿಕೆಯಿಂದ ಮನೆಯವರು ಏನು ಕುಡಿದರೆಂದು ನಮಗೆ ಹೇಳುವುದಿಲ್ಲ. ಆಹಾರ ಕೆಟ್ಟಿತ್ತು ಎನ್ನುತ್ತಾರೆ. ಮದ್ದು ಇದೆ, ಡಯಾಲಿಸಿಸ್ ಇದೆ, ಆದರೆ ಆ ಸುಳ್ಳಿನಲ್ಲಿ ಕಳೆದ ಗಂಟೆಗಳಲ್ಲಿ ಕಣ್ಣು ಹೋಗುತ್ತದೆ. ಕಾಯ್ದೆಯ ಭಯ ಎಲ್ಲಿ ಜೀವ ಉಳಿಸುತ್ತದೆ, ಎಲ್ಲಿ ತೆಗೆಯುತ್ತದೆ ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಇನ್ನೊಂದು ಮಾತು ಹಂಡೆಯ ಕುರಿತು. ಹಳೆಯ ಕೊಳವೆಯ ಬೆಸುಗೆಯಲ್ಲಿ ಸೀಸ ಇರುವ ಸಂಭವ ಬಹಳ. ಆಮ್ಲೀಯ ಬಿಸಿ ಆವಿ ಅದನ್ನು ಕರಗಿಸಿಕೊಂಡು ಬರುತ್ತದೆ.

ಮಡಿಕೇರಿ ಮಳೆ:

ಅಕ್ಕ ಹೇಳಿದ್ದು ಭಟ್ಟಿಯ ಮಾತಾಯಿತು. ನಮ್ಮ ಕೊಡಗಿನಲ್ಲಿ ಮನೆಯಲ್ಲೇ ವೈನ್ ಹಾಕುತ್ತಾರಲ್ಲ, ಅದರ ಗತಿಯೇನು? ಅದರಲ್ಲಿ ಒಲೆಯೂ ಇಲ್ಲ, ಕೊಳವೆಯೂ ಇಲ್ಲ. ಕ್ರಿಸ್‌ಮಸ್ ಹೊತ್ತಿಗೆ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿಯೂ ದ್ರಾಕ್ಷಿ ವೈನ್ ಇರುತ್ತದೆ. ಇವರೆಲ್ಲರೂ ಅಪರಾಧಿಗಳೇ? ಕೊಡವರಿಗೆ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆಯೆಂದು ಎಲ್ಲರಿಗೂ ಗೊತ್ತು. ಕೋವಿಗೆ ಇರುವ ವಿನಾಯಿತಿ ಸೀಸೆಗೆ ಇಲ್ಲವೆಂದರೆ ನಗು ಬರುತ್ತದೆ.

ಹಳೆಯ ಕೋಟು:

ನಗು ಬಂದರೂ ಸ್ಥಿತಿ ಅದೇ. ಕೋವಿಯ ವಿನಾಯಿತಿ ಕೇಂದ್ರದ ಶಸ್ತ್ರಾಸ್ತ್ರ ಕಾಯ್ದೆಯಡಿಯದು, ಅಬಕಾರಿ ರಾಜ್ಯದ್ದು. ‘ಮದ್ಯ’ ಎಂಬುದರ ವ್ಯಾಖ್ಯೆಯಲ್ಲಿ ವೈನ್, ಬಿಯರ್, ಶೇಂದಿ ಎಲ್ಲವೂ ಇವೆ. ಹುಳಿ ಬರಿಸುವುದಕ್ಕೂ ಭಟ್ಟಿ ಇಳಿಸುವುದಕ್ಕೂ ರಸಾಯನಶಾಸ್ತ್ರದಲ್ಲಿ ಇರುವ ಅಂತರ 13ನೇ ಕಲಮಿನಲ್ಲಿ ಇಲ್ಲ. ಆಚರಣೆಯಲ್ಲಿ ಮಾತ್ರ ಅಂತರ ಇದೆ: ಹಬ್ಬಕ್ಕೆ ಎರಡು ಭರಣಿ ವೈನ್ ಹಾಕಿದ ಮನೆಗೆ ಅಧಿಕಾರಿಗಳು ನುಗ್ಗಿದ್ದನ್ನು ನನ್ನ ವೃತ್ತಿಯಲ್ಲಿ ನೋಡಿದ ನೆನಪಿಲ್ಲ. ಮಾರಾಟಕ್ಕಿಟ್ಟರೆ ಮಾತು ಬೇರೆ. ನೆರೆಯ ಕೇರಳದಲ್ಲಿ 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಅಬಕಾರಿ ಇಲಾಖೆ ಮನೆಯಲ್ಲಿ ವೈನ್ ತಯಾರಿಸುವುದು ಕೂಡ ಜಾಮೀನಿಲ್ಲದ ಅಪರಾಧವೆಂದು ಎಚ್ಚರಿಸಿದಾಗ ದೊಡ್ಡ ಗದ್ದಲವೇ ಆಯಿತು. ಸುಮ್ಮನೆ ಕಣ್ಣು ಮುಚ್ಚಿಕೊಂಡಿರುವುದನ್ನು ಹಕ್ಕೆಂದು ತಿಳಿಯಬಾರದು. ಕಣ್ಣು ಎಂದು ಬೇಕಾದರೂ ತೆರೆಯಬಹುದು.

ತೊಗರಿ ಹೊಲ:

ಕಲಬುರಗಿ ಕಡೆಯವನು ನಾನು, ಶಿಕ್ಷಕ. ಮಂಗಳೂರು, ಮಡಿಕೇರಿಯವರ ಮಾತು ಓದುತ್ತಾ ಒಂದು ವಿಷಯ ಮನಸ್ಸನ್ನು ಕೊರೆಯಿತು. ಭರಣಿಯ ವೈನಿಗೆ ಮುಚ್ಚುವ ಕಣ್ಣು ನಮ್ಮ ಕಡೆಯ ತಾಂಡಾಗಳ ಮೇಲೆ ಮುಚ್ಚುವುದಿಲ್ಲ. ಚುನಾವಣೆ ಬಂದರೆ, ಹಬ್ಬ ಬಂದರೆ, ಇಲಾಖೆಗೆ ಪ್ರಕರಣಗಳ ಲೆಕ್ಕ ತೋರಿಸುವ ಕಾಲ ಬಂದರೆ ಜೀಪು ಮೊದಲು ಬರುವುದು ತಾಂಡಾಕ್ಕೆ. ಇಷ್ಟು ಲೀಟರ್ ಬೆಲ್ಲದ ಕೊಳೆ ನಾಶ, ಇಷ್ಟು ಲೀಟರ್ ಕಳ್ಳಭಟ್ಟಿ ವಶ ಎಂದು ಮರುದಿನ ಪತ್ರಿಕೆಯಲ್ಲಿ ಎರಡು ಸಾಲು ಬರುತ್ತದೆ. ಕೊಡ ಒಡೆದು ಚೆಲ್ಲಿದ ಕೊಳೆಯ ವಾಸನೆಯೊಂದಿಗೆ ಮಕ್ಕಳು ನನ್ನ ತರಗತಿಗೆ ಬಂದ ದಿನಗಳಿವೆ. ಅಲ್ಲಿ ಮಾರಾಟ ನಡೆಯುವುದಿಲ್ಲ ಎಂದು ನಾನು ಹೇಳುವುದಿಲ್ಲ, ನಡೆಯುತ್ತದೆ. ಅದರಿಂದ ಹಾಳಾದ ಮನೆಗಳನ್ನೂ ಹತ್ತಿರದಿಂದ ನೋಡಿದ್ದೇನೆ, 2007ರಲ್ಲಿ ಸಾರಾಯಿ ನಿಂತಾಗ ಸಂತೋಷಪಟ್ಟ ಹೆಂಗಸರನ್ನೂ ನೋಡಿದ್ದೇನೆ. ಆದರೆ ದೇವರಿಗೆ ಎಡೆ ಇಡಲು ಮಾಡಿದವನನ್ನೂ ದಂಧೆ ಮಾಡುವವನನ್ನೂ ಕಾಯ್ದೆ ಒಂದೇ ತಕ್ಕಡಿಗೆ ಹಾಕುತ್ತದೆ, ಹಾಕುವಾಗ ದಂಧೆಯವನು ಹೇಗೋ ಜಾರಿಕೊಳ್ಳುತ್ತಾನೆ.

ಮಧ್ಯಪ್ರದೇಶದಲ್ಲಿ ಆದಿವಾಸಿಗಳು ಮನೆಬಳಕೆಗೆ ಮಹುವಾ ಹೂವಿನ ಮದ್ಯ ಇಳಿಸಿಕೊಳ್ಳಲು ಮಿತಿಯೊಳಗೆ ವಿನಾಯಿತಿ ಇದೆ. ನಮ್ಮಲ್ಲಿ ಅಂಥದ್ದೇಕೆ ಇಲ್ಲ?

ಹಳೆಯ ಕೋಟು:

ಗುರುಗಳೇ, ಅಲ್ಲಿನದು ಆ ರಾಜ್ಯ ತನ್ನ ಅಬಕಾರಿ ಕಾನೂನಿನೊಳಗೆ ಮಾಡಿಕೊಂಡ ವ್ಯವಸ್ಥೆ; ನಮ್ಮ ಶಾಸನಸಭೆಯೂ ಮನಸ್ಸು ಮಾಡಿದರೆ ಮಾಡಬಹುದು. ಸಂವಿಧಾನದ ಐದನೇ ಅನುಸೂಚಿಯ ಆದಿವಾಸಿ ಪ್ರದೇಶಗಳಿರುವ ರಾಜ್ಯಗಳಲ್ಲಿ, ಆ ಪ್ರದೇಶಗಳ ಪಂಚಾಯಿತಿಗಳಿಗೆಂದು ಮಾಡಿದ 1996ರ ಪೆಸಾ ಕಾಯ್ದೆ ಮದ್ಯದ ನಿಯಂತ್ರಣದಲ್ಲಿ ಗ್ರಾಮಸಭೆಗೂ ಒಂದು ದನಿ ಕೊಡುತ್ತದೆ. ಕರ್ನಾಟಕದಲ್ಲಿ ಅಂಥ ಅನುಸೂಚಿತ ಪ್ರದೇಶ ಘೋಷಣೆಯಾಗಿಲ್ಲ. ಹಾಗಾಗಿ ಆ ಬಾಗಿಲೂ ಇಲ್ಲ.

ದಾಳಿಗಳ ವಿಷಯದಲ್ಲಿ ನಿಮ್ಮ ಊರಿನವರಿಗೆ ತಿಳಿದಿರಬೇಕಾದ ಒಂದು ಸಂಗತಿ ಇದೆ. ವಾರಂಟ್ ಇಲ್ಲದೆ ಶೋಧಿಸುವ ಅಧಿಕಾರ 54ನೇ ಕಲಮಿನಲ್ಲಿ ಇದೆಯಾದರೂ, ವಾರಂಟ್ ತರುವಷ್ಟರಲ್ಲಿ ಸಾಕ್ಷ್ಯ ಕೈತಪ್ಪುತ್ತದೆ ಎಂದು ನಂಬಲು ತನಗಿರುವ ಆಧಾರಗಳನ್ನು ಅಧಿಕಾರಿ ಶೋಧಕ್ಕೆ ಮೊದಲೇ ಬರೆದಿಡಬೇಕು. 1979ರಲ್ಲಿ ಕೆ.ಎಲ್. ಸುಬ್ಬಯ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನಮ್ಮ ಇದೇ ಕಾಯ್ದೆಯ ಇದೇ ಕಲಮನ್ನು ಪರಿಶೀಲಿಸಿ, ಕಾರಿನಲ್ಲಿ ಮದ್ಯ ಸಿಕ್ಕಿದ್ದರೂ ಆಧಾರಗಳನ್ನು ದಾಖಲಿಸದೆ ನಡೆಸಿದ ಶೋಧ ಊರ್ಜಿತವಲ್ಲವೆಂದು ಶಿಕ್ಷೆಯನ್ನು ರದ್ದುಪಡಿಸಿತು. ತಾಂಡಾದ ಗುಡಿಸಲಿಗೂ ಈ ರಕ್ಷಣೆ ಸಮನಾಗಿ ಸಲ್ಲುತ್ತದೆ. ಆದರೆ ಅದನ್ನು ನ್ಯಾಯಾಲಯದಲ್ಲಿ ಎತ್ತಿ ಹಿಡಿಯಲು ವಕೀಲ ಬೇಕು, ವಕೀಲನಿಗೆ ಹಣ ಬೇಕು. ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋದವರೇ ನಾನು ನೋಡಿದವರಲ್ಲಿ ಹೆಚ್ಚು.

ಆಕ್ಲೆಂಡ್ ಕನ್ನಡಿಗ:

ದೂರದಿಂದ ಒಂದು ಮಾತು. ನ್ಯೂಜಿಲೆಂಡ್‌ನಲ್ಲಿ 1996ರಿಂದ ಸ್ವಂತ ಬಳಕೆಗೆ ಮನೆಯಲ್ಲಿ ಭಟ್ಟಿ ಇಳಿಸುವುದು ಕಾನೂನುಬದ್ಧವಾಗಿದೆ. ಹಂಡೆಗಳನ್ನು ಅಂಗಡಿಯಲ್ಲೇ ಮಾರುತ್ತಾರೆ. ಮಾರಾಟಕ್ಕೆ ಮಾಡಿದರೆ ಮಾತ್ರ ಪರವಾನಗಿ, ಸುಂಕ. ದೇಶವೇನೂ ಮುಳುಗಿಲ್ಲ. ಅಮೆರಿಕದಲ್ಲಿರುವ ನನ್ನ ತಮ್ಮ ಹೇಳುವುದು ಬೇರೆ: ಅಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅನುಮತಿ ಬಂತು, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ತನಕ ತೆರಿಗೆಯಿಲ್ಲ, ಭಟ್ಟಿ ಇಳಿಸಿದರೆ ಮಾತ್ರ ಐದು ವರ್ಷದವರೆಗೆ ಸೆರೆ. 2024ರ ಜುಲೈಯಲ್ಲಿ ಟೆಕ್ಸಾಸ್‌ನ ಒಬ್ಬ ಫೆಡರಲ್ ನ್ಯಾಯಾಧೀಶರು, 1868ರಿಂದ ಇರುವ ಈ ನಿಷೇಧ ತೆರಿಗೆ ಎತ್ತುವ ಅಧಿಕಾರವನ್ನು ಮೀರಿದ್ದೆಂದು ತೀರ್ಪಿತ್ತರು, ಅದೂ ದಾವೆ ಹೂಡಿದವರಿಗಷ್ಟೇ ಅನ್ವಯಿಸುವಂತೆ. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಮಲೆನಾಡಿಗರು ಎತ್ತಿದ ಪ್ರಶ್ನೆಯನ್ನೇ ಅಲ್ಲಿಯೂ ಎತ್ತಿದ್ದಾರೆ ಎಂಬುದು ಗಮನಾರ್ಹ.

ರಾತ್ರಿಪಾಳಿ:

ಅಂಗಡಿಯಲ್ಲಿ ಹಂಡೆ ಮಾರುವ ದೇಶದಲ್ಲಿ ಕೈಗಾರಿಕಾ ಮೆಥನಾಲ್ ಯಾರ ಕೈಗೆ ಹೋಯಿತೆಂಬ ಲೆಕ್ಕವೂ ಸರಿಯಾಗಿ ಇರುತ್ತದೆ. ನಮ್ಮಲ್ಲಿ ಮೊದಲು ಸರಿಯಾಗಬೇಕಾದದ್ದು ಆ ಲೆಕ್ಕ ಎಂದು ನನ್ನ ಅಭಿಪ್ರಾಯ.

ಗೇರುಗುಡ್ಡೆಯವ:

ಎಲ್ಲರಿಗೂ ಕೃತಜ್ಞತೆಗಳು. ಭಟ್ಟಿಯ ಯೋಚನೆಯನ್ನು ಕೈಬಿಟ್ಟಿದ್ದೇನೆ, ಭಾವನಿಗೂ ಓದಿ ಹೇಳಿದ್ದೇನೆ. ಅವರು ಈಗ ವಿನೆಗರ್ ಮಾಡೋಣ ಎನ್ನುತ್ತಿದ್ದಾರೆ. ಹಣ್ಣಿನ ರಸ ವಿನೆಗರ್ ಆಗುವ ಮೊದಲು ಮದ್ಯವಾಗಿಯೇ ತೀರಬೇಕಲ್ಲವೇ ಎಂದು ನನ್ನ ಮಗಳು ಕೇಳಿದಾಗ ಇಬ್ಬರೂ ಸುಮ್ಮನಾದೆವು. ಹಂಡೆಯ ಪ್ರಶ್ನೆಯೂ ಹಾಗೇ ಉಳಿದಿದೆ.

ಹಳೆಯ ಕೋಟು:

ಮಗಳನ್ನು ಕಾನೂನು ಓದಿಸಿ. ‘ಸಹಜವಾಗಿ ನಡೆಯುವ ಕ್ರಿಯೆ’ ಎಂಬ ವ್ಯಾಖ್ಯೆಯನ್ನು ಅಕ್ಷರಶಃ ಹಿಡಿದರೆ ಮಧ್ಯಾಹ್ನದ ತನಕ ಬಿಸಿಲಲ್ಲಿ ಬಿಟ್ಟ ನೀರಾ, ಎಂದರೆ ಮರದಿಂದ ಇಳಿಸಿದ ಸಿಹಿ ರಸ, ಕೂಡ ಸಿಕ್ಕಿಬೀಳುತ್ತದೆ; ಅದಕ್ಕಾಗಿಯೇ ನೀರಾಕ್ಕೆ ಪ್ರತ್ಯೇಕ ನಿಯಮ ಮಾಡಬೇಕಾಯಿತು. ವಿನೆಗರನ್ನು ವ್ಯಾಪಾರಕ್ಕೆಂದು ಮಾಡುವುದಾದರೆ ಮೊದಲು ಇಲಾಖೆಯನ್ನು ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ. ಭಟ್ಟಿಗೆ ಪರವಾನಗಿ ಕೇಳಬಹುದಲ್ಲ ಎಂದು ಭಾವ ಹೇಳಿಯಾರು. ಭಟ್ಟಿಗಳನ್ನು ನಿಯಂತ್ರಿಸುವ ನಮ್ಮ 1967ರ ನಿಯಮಗಳನ್ನು ಕಾರ್ಖಾನೆ, ದಾಸ್ತಾನು ಮಳಿಗೆ, ಅಲ್ಲೇ ಕೂರುವ ಅಬಕಾರಿ ಅಧಿಕಾರಿ ಇವನ್ನೆಲ್ಲ ಕಣ್ಣಮುಂದೆ ಇಟ್ಟುಕೊಂಡು ಬರೆದಿದ್ದಾರೆ. ಎರಡೂವರೆ ಎಕರೆಯ ಗೇರುಗುಡ್ಡೆಗೆ ಅವು ಒಗ್ಗುವುದಿಲ್ಲ. ಕೇರಳದಲ್ಲಿ ಕಣ್ಣೂರಿನ ಸಹಕಾರಿ ಬ್ಯಾಂಕೊಂದು ಗೇರುಹಣ್ಣಿನ ಮದ್ಯಕ್ಕೆ ಅನುಮತಿ ಪಡೆಯಲು ವರ್ಷಗಟ್ಟಲೆ ಓಡಾಡಿತು. ಇಲ್ಲಿಯೂ ಬೆಳೆಗಾರರ ಸಹಕಾರಿ ಸಂಘವೊಂದು ಅದೇ ರೀತಿ ಕೇಳಿದರೆ ಸರ್ಕಾರ ಕಿವಿಗೊಡಬೇಕಾದೀತು. ಒಬ್ಬಂಟಿ ರೈತನ ಅರ್ಜಿ ಕಡತದಲ್ಲೇ ಮಲಗುತ್ತದೆ.

ಈಗ ಹಂಡೆ. ತಯಾರಿಕೆಯ ಉದ್ದೇಶಕ್ಕಾಗಿ ಹಂಡೆ, ಪಾತ್ರೆ, ಉಪಕರಣ ಇಟ್ಟುಕೊಳ್ಳುವುದೂ 13ನೇ ಕಲಮಿನಲ್ಲಿ ನಿಷಿದ್ಧವೇ. ಪ್ರಾಣವಿರುವುದು ‘ಉದ್ದೇಶಕ್ಕಾಗಿ’ ಎಂಬ ಪದದಲ್ಲಿ. ಅಟ್ಟದಲ್ಲಿ ದೂಳು ಹಿಡಿದ ಹಂಡೆಗೆ ಯಾವ ಉದ್ದೇಶವೂ ಇಲ್ಲ. ಆದರೆ ಅಬಕಾರಿ ಕಾನೂನುಗಳಲ್ಲಿ ಒಂದು ಪೂರ್ವಭಾವನೆ ಇರುತ್ತದೆ: ಭಟ್ಟಿಯ ಸಾಮಗ್ರಿ ಯಾರ ಬಳಿ ಸಿಗುತ್ತದೋ ಅವರೇ ಅದಕ್ಕೆ ಸಮಾಧಾನಕರ ವಿವರಣೆ ಕೊಡಬೇಕು, ಕೊಡದಿದ್ದರೆ ಅಪರಾಧ ಮಾಡಿದ್ದಾರೆಂದೇ ಭಾವಿಸಲಾಗುತ್ತದೆ. ಹಂಡೆ ಕೊಳವೆ ಜೋಡಿಸಿಕೊಂಡು, ಪಕ್ಕದಲ್ಲಿ ಹುಳಿ ಬಂದ ರಸದ ಪೀಪಾಯಿ ಇಟ್ಟುಕೊಂಡು ಇದ್ದರೆ ನಿಮ್ಮ ವಿವರಣೆಯನ್ನು ಯಾರೂ ಕೇಳುವುದಿಲ್ಲ. ಬಚ್ಚಲಿನಲ್ಲಿ ನೀರು ಕಾಯಿಸುತ್ತಿದ್ದರೆ ವಿವರಣೆಯ ಅಗತ್ಯವೇ ಬೀಳುವುದಿಲ್ಲ.

ಕಾಳಿ ದಡ:

ಹಣ್ಣಿಗೆ ಒಂದು ದಾರಿ: ನಿಮ್ಮ ಪುತ್ತೂರಿನಲ್ಲೇ ಗೇರು ಸಂಶೋಧನಾ ನಿರ್ದೇಶನಾಲಯ ಇದೆಯಲ್ಲ. ಗೇರುಹಣ್ಣಿನ ರಸದ ಒಗರು ತೆಗೆದು ಶರಬತ್ತು ಮಾಡುವ ವಿಧಾನವನ್ನು ಅಲ್ಲಿ ಕೇಳಿ ತಿಳಿದುಕೊಳ್ಳಬಹುದು. ಬೀಜ ಕೊಯ್ದ ದಿನವೇ ಹಣ್ಣನ್ನು ಹಿಂಡಬೇಕಾಗುತ್ತದೆ, ಮರುದಿನಕ್ಕೆ ಇಟ್ಟರೆ ಅದು ತಾನಾಗಿಯೇ 13ನೇ ಕಲಮಿನ ಕಡೆ ನಡೆಯತೊಡಗುತ್ತದೆ.

ಗೇರುಗುಡ್ಡೆಯವ:

ಮುಂದಿನ ಹಂಗಾಮಿಗೆ ಮೊದಲು ಅಲ್ಲಿಗೆ ಹೋಗಿ ಬರುತ್ತೇನೆ. ಹಂಡೆಯನ್ನು ಬಚ್ಚಲಿಗೆ ಕೊಡಬೇಕೆಂದು ಅಮ್ಮ ಹೇಳಿದ್ದಾರೆ. ಕೊಳವೆಯನ್ನು ಬೇರೆ ಮಾಡಿಸಿ ತೂಕಕ್ಕೆ ಹಾಕುತ್ತೇನೆ. ಕುತ್ತಿಗೆಯ ತೂತನ್ನು ಸೀಸವಿಲ್ಲದ ಬೆಸುಗೆಯಲ್ಲಿ ಮುಚ್ಚಿಕೊಡುವ ತಾಮ್ರದ ಕೆಲಸದವರು ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ಯಾರಾದರೂ ಇದ್ದರೆ ತಿಳಿಸಬೇಕಾಗಿ ವಿನಂತಿ.

ಮಡಿಕೇರಿ ಮಳೆ:

ಸುಳ್ಯದ ಸಂತೆಯ ದಿನ ಕಲಾಯಿಯವರು ಬರುತ್ತಿದ್ದುದನ್ನು ನೋಡಿದ್ದೇನೆ, ಅವರಲ್ಲಿ ವಿಚಾರಿಸಿ. ತೂತು ಯಾತಕ್ಕೆ ಬಂತೆಂದು ಅವರು ಕೇಳುವುದಿಲ್ಲ, ಅವರಿಗೆ ಗೊತ್ತಿರುತ್ತದೆ.